ಕರುಳಿನ ಪಾಲಿಪ್: ಕ್ಯಾಮೆರಾದಲ್ಲಿ ನೋಡಿ ಹೇಳುವ ನಿರ್ಣಯ ಎಷ್ಟು ಸರಿ?



ಆರೋಗ್ಯ ಮಾಹಿತಿ ಅಂಕಣಕ್ಕೆ ಈ ಸಲ ಕೊಲೊನೋಸ್ಕೋಪಿ ವಿಷಯ ತೆಗೆದುಕೊಂಡಿದ್ದೇವೆ. ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳ ನಮ್ಮ ಸದಸ್ಯರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಈ ಪರೀಕ್ಷೆ ಮಾಡಿಸಿಕೊಂಡು ಬಂದವರು ವರದಿ ಹಿಡಿದು ಸಂಘದ ಕಚೇರಿಗೆ ಬರುವುದುಂಟು. ವರದಿ ಇಂಗ್ಲಿಷಿನಲ್ಲಿ, ಡಾಕ್ಟರು ವಿವರಿಸಿದ್ದು ತಮಿಳಿನಲ್ಲಿ, ಮನೆಯಲ್ಲಿ ಆಡಿಕೊಳ್ಳುವುದು ಕನ್ನಡದಲ್ಲಿ. ಈ ಮೂರರ ನಡುವೆ ಅರ್ಧ ವಿಷಯ ಕಳೆದೇ ಹೋಗಿರುತ್ತದೆ.

ಹೆಚ್ಚಾಗಿ ಎರಡು ಸಾಲುಗಳ ಬಗ್ಗೆ ಕೇಳುತ್ತಾರೆ. ಒಂದು, ‘ಸಣ್ಣ ಪಾಲಿಪ್, ನೈಸ್ ಟೈಪ್ 1, ತೆಗೆದಿಲ್ಲ’ ಎಂಬುದು. ಇನ್ನೊಂದು, ‘ಪಾಲಿಪ್ ತೆಗೆಯಲಾಗಿದೆ, ಬಯಾಪ್ಸಿಗೆ ಕಳುಹಿಸಿಲ್ಲ’ ಎಂಬುದು. ಮೊದಲನೆಯದನ್ನು ಓದಿದವರಿಗೆ ಗಂಟು ಒಳಗೇ ಬಿಟ್ಟರಲ್ಲಾ ಎಂಬ ಭಯ. ಎರಡನೆಯದನ್ನು ಓದಿದವರಿಗೆ, ಲ್ಯಾಬಿಗೆ ಕಳುಹಿಸದೆ ಕಸಕ್ಕೆ ಹಾಕಿಬಿಟ್ಟರಲ್ಲಾ ಎಂಬ ಸಿಟ್ಟು. ಎರಡೂ ಅಲಕ್ಷ್ಯದಿಂದಲೇ ಆದದ್ದು ಎಂದು ತಿಳಿಯಬೇಕಿಲ್ಲ. ಅದರ ಹಿಂದೆ ಒಂದು ಲೆಕ್ಕಾಚಾರವಿದೆ. ಆ ಲೆಕ್ಕಾಚಾರವನ್ನು ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ಇಲ್ಲಿ ತಿಳಿಸಲು ಪ್ರಯತ್ನಿಸಿದ್ದೇವೆ. ನಾವು ವೈದ್ಯರಲ್ಲ. ಇದು ಮಾಹಿತಿಗಾಗಿ ಮಾತ್ರ. ನಿಮ್ಮ ದೇಹದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಮಾತು. ಮನೆಮಾತು ಕನ್ನಡವಾದರೂ ಲಿಪಿ ಬಾರದ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ, ಓದಬಲ್ಲವರು ಅವರಿಗೆ ಓದಿ ಹೇಳಬೇಕಾಗಿ ವಿನಂತಿ.

ಪಾಲಿಪ್ ಎಂದರೆ

ದೊಡ್ಡ ಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ಅದರ ಒಳಗೋಡೆಯ ಲೋಳೆಪದರದಲ್ಲಿ ಕೆಲವರಿಗೆ ಸಣ್ಣ ಸಣ್ಣ ಗುಬುಟುಗಳು ಬೆಳೆಯುತ್ತವೆ. ಅವೇ ಪಾಲಿಪ್‌ಗಳು. ಹೆಚ್ಚಿನವು 5 ಮಿಲಿಮೀಟರಿಗಿಂತ ದೊಡ್ಡದಿರುವುದಿಲ್ಲ, ಅಂದರೆ ಒಂದು ಹೆಸರುಕಾಳಿನಷ್ಟು. ನೋವಿಲ್ಲ, ಗೊತ್ತೂ ಆಗುವುದಿಲ್ಲ.

ಎಲ್ಲ ಪಾಲಿಪ್‌ಗಳೂ ಒಂದೇ ಜಾತಿಯವಲ್ಲ. ಅಡಿನೋಮ ಎಂಬ ಜಾತಿ ವರ್ಷಗಳು ಕಳೆದಂತೆ ಬೆಳೆದು, ಅದರಲ್ಲಿ ಕೆಲವು ಕ್ಯಾನ್ಸರ್ ಆಗಬಲ್ಲವು. ಹೈಪರ್‌ಪ್ಲಾಸ್ಟಿಕ್ ಎಂಬ ಜಾತಿ, ಅದರಲ್ಲೂ ಗುದನಾಳದ ಹತ್ತಿರ ಇರುವ ಪುಟಾಣಿಗಳು, ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಮೂರನೆಯದು ಸೆಸೈಲ್ ಸೆರೇಟೆಡ್ ಎಂಬುದು. ನೋಡಲು ಚಪ್ಪಟೆ, ಮೇಲೆ ಲೋಳೆ ಮೆತ್ತಿಕೊಂಡು ನಿರುಪದ್ರವಿಯಂತೆ ಕಾಣುತ್ತದೆ. ಆದರೆ ಇದೂ ಕ್ಯಾನ್ಸರಿಗೆ ದಾರಿಯಾಗಬಲ್ಲದು. ಈ ಮೂರನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹೊಟ್ಟೆ ಕೊಯ್ಯದೆ, ಕೊಲೊನೋಸ್ಕೋಪಿನ ಮೂಲಕವೇ ತಂತಿಯ ಕುಣಿಕೆ ಹಾಕಿ ಪಾಲಿಪ್ ತೆಗೆಯುವ ವಿಧಾನ 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಎಂಬ ವೈದ್ಯರಿಂದ ಬಂದಿತು. ಹೀಗೆ ಅಡಿನೋಮ ತೆಗೆಸಿಕೊಂಡವರಲ್ಲಿ ಮುಂದೆ ಕರುಳಿನ ಕ್ಯಾನ್ಸರ್ ಬಹಳ ಕಡಿಮೆಯಾಗುತ್ತದೆ ಎಂದು 1993ರಲ್ಲಿ ಅಮೆರಿಕದ ನ್ಯಾಷನಲ್ ಪಾಲಿಪ್ ಸ್ಟಡಿ ತೋರಿಸಿತು. ಅಂದಿನಿಂದ ನಿಯಮ ಸರಳವಾಗಿತ್ತು: ಕಂಡದ್ದನ್ನೆಲ್ಲ ತೆಗೆ, ತೆಗೆದದ್ದನ್ನೆಲ್ಲ ಲ್ಯಾಬಿಗೆ ಕಳುಹಿಸು.

ಲ್ಯಾಬಿನಲ್ಲಿ ಅದನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಕೂರಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ, ಪ್ಯಾಥಾಲಜಿಸ್ಟ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅದಕ್ಕೆ ಕೆಲವು ದಿನ ಹಿಡಿಯುತ್ತದೆ, ಖರ್ಚೂ ಇದೆ. ಹೆಸರುಕಾಳಿನಷ್ಟಿರುವ ಪಾಲಿಪ್‌ನಲ್ಲಿ ಕ್ಯಾನ್ಸರ್ ಸಿಗುವುದು ಸಾವಿರಕ್ಕೆ ಒಂದರ ಆಸುಪಾಸು, ಅಥವಾ ಅದಕ್ಕಿಂತಲೂ ಕಡಿಮೆ. ಹಾಗಿದ್ದ ಮೇಲೆ ಪ್ರತಿಯೊಂದಕ್ಕೂ ಇಷ್ಟೆಲ್ಲ ಬೇಕೇ, ನೋಡುವಾಗಲೇ ಜಾತಿ ಹೇಳಲು ಆಗುವುದಿಲ್ಲವೇ ಎಂಬ ಪ್ರಶ್ನೆ ಎದ್ದಿತು. ಪರೀಕ್ಷೆ ನಡೆಯುತ್ತಿರುವಾಗಲೇ ಪರದೆಯ ಮೇಲೆ ನೋಡಿ ಜಾತಿ ಹೇಳುವುದಕ್ಕೆ ಆಪ್ಟಿಕಲ್ ಡಯಾಗ್ನೋಸಿಸ್ ಎನ್ನುತ್ತಾರೆ.

ಬೆಳಕಿನ ಕೆಲಸ

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಊರಿನವರಿಗೆ ಕಷ್ಟವಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ, ಡೈಯಿಂಗ್ ಘಟಕಗಳಲ್ಲಿ ಶೇಡ್ ನೋಡಲು ಲೈಟ್ ಬಾಕ್ಸ್ ಇಟ್ಟಿರುತ್ತಾರೆ. ಸಾಮಾನ್ಯ ಟ್ಯೂಬ್‌ಲೈಟಿನಲ್ಲಿ ಒಂದೇ ಎಂದು ಕಾಣುವ ಎರಡು ಬಟ್ಟೆ ತುಂಡುಗಳು ಇನ್ನೊಂದು ದೀಪದ ಕೆಳಗೆ ಬೇರೆ ಬೇರೆಯಾಗಿ ಕಾಣುತ್ತವೆ. ಬಟ್ಟೆ ಅದೇ, ಬೆಳಕು ಬದಲಾಯಿತು, ಅಷ್ಟೆ. ಮಗ್ಗದ ಮನೆಯಲ್ಲಿ ಹುಟ್ಟಿದ ನಮ್ಮ ದೇವಾಂಗ ಹಿರಿಯರಿಗೆ ಇಂಚಿಗೆ ಎಷ್ಟು ಎಳೆ ಎಂದು ಎಣಿಸುವ ಭೂತಗನ್ನಡಿಯೂ ಗೊತ್ತು. ಕರುಳಿನೊಳಗೆ ಈ ಎರಡೂ ಕೆಲಸ ಒಟ್ಟಿಗೆ ನಡೆಯುತ್ತವೆ.

ಬಿಳಿ ಬೆಳಕಿನ ಬದಲು 415 ಮತ್ತು 540 ನ್ಯಾನೋಮೀಟರಿನ ಸುತ್ತಮುತ್ತಲಿನ ನೀಲಿ, ಹಸಿರು ಬೆಳಕನ್ನು ಮಾತ್ರ ಬಿಟ್ಟರೆ, ರಕ್ತದಲ್ಲಿರುವ ಹಿಮೋಗ್ಲೋಬಿನ್ ಅದನ್ನು ಹೀರಿಕೊಳ್ಳುತ್ತದೆ. ನೀಲಿ ಬೆಳಕು ಆಳಕ್ಕೆ ಹೋಗುವುದಿಲ್ಲ. ಹಾಗಾಗಿ ಮೇಲ್ಪದರದ ಕೂದಲೆಳೆಯಂಥ ರಕ್ತನಾಳಗಳು ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ. ಅಡಿನೋಮದಲ್ಲಿ ಇಂಥ ನಾಳಗಳು ಹೆಚ್ಚು, ಆದ್ದರಿಂದ ಅದು ಸುತ್ತಲಿನ ಜಾಗಕ್ಕಿಂತ ಕಂದಾಗಿ ಕಾಣುತ್ತದೆ. ಇದೇ ನ್ಯಾರೋ ಬ್ಯಾಂಡ್ ಇಮೇಜಿಂಗ್, ವರದಿಯಲ್ಲಿ ಎನ್‌ಬಿಐ ಎಂದು ಬರೆದಿರುತ್ತದೆ. ಜಪಾನಿನ ಒಲಿಂಪಸ್ ಕಂಪನಿಯ ಕಜುಹಿರೊ ಗೊನೊ ಅವರೂ ಕಾಶಿವಾದ ರಾಷ್ಟ್ರೀಯ ಕ್ಯಾನ್ಸರ್ ಆಸ್ಪತ್ರೆಯ ಯಾಸುಶಿ ಸಾನೊ ಅವರೂ ಸೇರಿ ಬೆಳೆಸಿದ ತಂತ್ರ ಇದು. ಫ್ಯೂಜಿಫಿಲ್ಮ್ ಯಂತ್ರಗಳಲ್ಲಿ ಬಿಎಲ್‌ಐ, ಪೆಂಟಾಕ್ಸ್ ಯಂತ್ರಗಳಲ್ಲಿ ಐ-ಸ್ಕ್ಯಾನ್ ಎಂಬ ಹೆಸರಿನಲ್ಲಿ ಇಂಥದೇ ಸೌಲಭ್ಯ ಇದೆ. ಹೆಸರು ಬೇರೆ, ತಂತ್ರವೂ ಸ್ವಲ್ಪ ಬೇರೆ, ಉದ್ದೇಶ ಒಂದೇ. ಇದಕ್ಕೂ ಮೊದಲೇ, 1990ರ ದಶಕದಲ್ಲಿ, ಜಪಾನಿನ ಶಿನ್-ಎ ಕುಡೊ ಅವರು ಬಣ್ಣ ಸಿಂಪಡಿಸಿ ದೊಡ್ಡದು ಮಾಡಿ ನೋಡಿ, ಮೇಲ್ಮೈಯ ಕುಳಿಗಳ ವಿನ್ಯಾಸದಿಂದ ಜಾತಿ ಗುರುತಿಸುವ ಕ್ರಮ ಹಾಕಿಕೊಟ್ಟಿದ್ದರು.

ವರದಿಯಲ್ಲಿ ಕಾಣುವ ‘ನೈಸ್’ ಎಂಬುದು ಎನ್‌ಬಿಐ ಬೆಳಕಿನಲ್ಲಿ ನೋಡಿ ವಿಂಗಡಿಸುವ ಅಂತರರಾಷ್ಟ್ರೀಯ ಪದ್ಧತಿಯ ಹೆಸರು. ಬಣ್ಣ, ರಕ್ತನಾಳ, ಮೇಲ್ಮೈ ವಿನ್ಯಾಸ ಈ ಮೂರನ್ನು ನೋಡುತ್ತಾರೆ. ಟೈಪ್ 1 ಎಂದರೆ ಸುತ್ತಲಿನ ಬಣ್ಣವೇ ಅಥವಾ ಅದಕ್ಕಿಂತ ತಿಳಿ, ನಾಳಗಳು ಇಲ್ಲ ಅಥವಾ ಅಲ್ಲೊಂದು ಇಲ್ಲೊಂದು, ಹೈಪರ್‌ಪ್ಲಾಸ್ಟಿಕ್ ಇರಬಹುದು. ಟೈಪ್ 2 ಎಂದರೆ ಹೆಚ್ಚು ಕಂದು, ಬಿಳಿ ಆಕಾರಗಳ ಸುತ್ತ ಕಂದು ನಾಳಗಳು, ಅಡಿನೋಮ ಇರಬಹುದು. ಟೈಪ್ 3 ಎಂದರೆ ಕಡುಕಂದು, ನಾಳಗಳು ಕಡಿದುಹೋಗಿ ವಿನ್ಯಾಸವೇ ಕೆಟ್ಟಿರುವುದು. ಆಳಕ್ಕೆ ಇಳಿದ ಕ್ಯಾನ್ಸರಿನ ಸಂಶಯ. ಟೈಪ್ 3 ಎಂದು ಬರೆದಿದ್ದರೆ ‘ಮುಂದಿನ ತಿಂಗಳು ನೋಡೋಣ’ ಎನ್ನಬಾರದು.

ಎಷ್ಟು ಸರಿ?

ಪರಿಣತರ ಕೈಯಲ್ಲಿ ತುಂಬಾ ಸರಿ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯವರು 2009ರಲ್ಲಿ ಪ್ರಕಟಿಸಿದ ‘ಡಿಸ್ಕಾರ್ಡ್’ ಅಧ್ಯಯನದಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕ ಪಾಲಿಪ್‌ಗಳನ್ನು ನೋಡಿ ಜಾತಿ ಹೇಳಿ, ಆಮೇಲೆ ಲ್ಯಾಬ್ ವರದಿಯೊಂದಿಗೆ ತಾಳೆ ನೋಡಿದರು. 198 ಅಡಿನೋಮಗಳಲ್ಲಿ 186 ಸರಿ, 62 ಹೈಪರ್‌ಪ್ಲಾಸ್ಟಿಕ್‌ಗಳಲ್ಲಿ 55 ಸರಿ. ಒಟ್ಟು ನೂರಕ್ಕೆ 93. ಇಂಥ 28 ಅಧ್ಯಯನಗಳನ್ನು ಒಟ್ಟು ಸೇರಿಸಿ 2013ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಎನ್‌ಬಿಐ ಬೆಳಕಿನಲ್ಲಿ ಅಡಿನೋಮವನ್ನು ಅಡಿನೋಮ ಎಂದು ಗುರುತಿಸಿದ್ದು ಶೇಕಡಾ 91, ಅಲ್ಲದ್ದನ್ನು ಅಲ್ಲ ಎಂದು ಹೇಳಿದ್ದು ಶೇಕಡಾ 82.6.

ಆದರೆ ದೊಡ್ಡ ಕೇಂದ್ರದಿಂದ ಸಾಮಾನ್ಯ ಆಸ್ಪತ್ರೆಗೆ ಬಂದಾಗ ಅಂಕಿ ಇಳಿಯುತ್ತದೆ. ಅದೇ 2013ರಲ್ಲಿ ಅಮೆರಿಕದಲ್ಲಿ, ಸಾಮಾನ್ಯ ಪ್ರಾಕ್ಟೀಸಿನಲ್ಲಿರುವ 12 ಮಂದಿ ಜೀರ್ಣಾಂಗ ತಜ್ಞರಿಗೆ ತರಬೇತಿ ಕೊಟ್ಟು ನೋಡಿದಾಗ, ನಿಜವಾದ ರೋಗಿಗಳ ಮೇಲೆ ಶೇಕಡಾ 90 ಮುಟ್ಟಿದವರು ಮೂವರು ಮಾತ್ರ. ಚಿತ್ರ ನೋಡಿ ಹೇಳುವ ಪರೀಕ್ಷೆಯಲ್ಲಿ ಅವರು ಚೆನ್ನಾಗಿಯೇ ಪಾಸಾಗಿದ್ದರು! ಇಂಗ್ಲೆಂಡಿನ ಆರು ಸಾಮಾನ್ಯ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ‘ಡಿಸ್ಕಾರ್ಡ್ 2’ ಕೂಡ, ದಿನನಿತ್ಯದ ಬಳಕೆಗೆ ಇದನ್ನು ಸದ್ಯಕ್ಕೆ ಶಿಫಾರಸು ಮಾಡಲಾಗದು ಎಂದೇ ಮುಗಿಸಿತು. ಎಲ್ಲ ಯಂತ್ರಗಳಲ್ಲೂ ಗುಂಡಿ ಒತ್ತಿದರೆ ನೀಲಿ ಬೆಳಕು ಬರುತ್ತದೆ. ನೋಡುವ ಕಣ್ಣು ಹಾಗೆ ಗುಂಡಿ ಒತ್ತಿದರೆ ಬರುವುದಿಲ್ಲ.

ಹೀಗಾಗಿ ವೈದ್ಯ ಸಂಘಗಳು ಕನಿಷ್ಠ ಮಟ್ಟ ನಿಗದಿ ಮಾಡಿವೆ. ಅಮೆರಿಕದ ಎಂಡೋಸ್ಕೋಪಿ ಸಂಘ 2011ರಲ್ಲಿ ಹೇಳಿದ್ದು: ಗುದನಾಳ ಮತ್ತು ಅದಕ್ಕೆ ಸೇರಿದ ಸಿಗ್ಮಾಯ್ಡ್ ಭಾಗದಲ್ಲಿರುವ 5 ಮಿಲಿಮೀಟರ್ ಒಳಗಿನ ಪಾಲಿಪ್‌ಅನ್ನು ‘ಅಡಿನೋಮ ಅಲ್ಲ’ ಎಂದು ಹೇಳಿ ಬಿಡಬೇಕಾದರೆ, ಆ ಮಾತು ನೂರಕ್ಕೆ 90 ಸಲವಾದರೂ ನಿಜವಾಗಿರಬೇಕು. ತೆಗೆದು ಲ್ಯಾಬಿಗೆ ಕಳುಹಿಸದೆ ಇರಬೇಕಾದರೆ, ಮುಂದಿನ ಪರೀಕ್ಷೆ ಯಾವಾಗ ಎಂಬ ಲೆಕ್ಕ ಲ್ಯಾಬಿನ ಲೆಕ್ಕದೊಂದಿಗೆ ನೂರಕ್ಕೆ 90 ಸಲ ಹೊಂದಬೇಕು. ಯುರೋಪಿನ ಸಂಘ 2022ರಲ್ಲಿ ಬೇರೆ ರೀತಿಯಲ್ಲಿ ಹೇಳಿತು: ಬಿಡುವುದಕ್ಕೆ ಅಡಿನೋಮ ಗುರುತಿಸುವುದರಲ್ಲಿ ಶೇಕಡಾ 90, ಅಲ್ಲದ್ದನ್ನು ಗುರುತಿಸುವುದರಲ್ಲಿ ಶೇಕಡಾ 80, ತೆಗೆದು ಎಸೆಯುವುದಕ್ಕೆ ಎರಡರಲ್ಲೂ ಶೇಕಡಾ 80. ಒಳಗೇ ಬಿಡುವುದಕ್ಕೆ ಹೆಚ್ಚು ಕಟ್ಟುನಿಟ್ಟು ಇರುವುದನ್ನು ಗಮನಿಸಿ. ತೆಗೆದ ಮೇಲೆ ಹೆಸರು ತಪ್ಪಾದರೂ ಗಂಟು ಹೋಗಿರುತ್ತದೆ. ಬಿಟ್ಟ ಮೇಲೆ ತಪ್ಪಾದರೆ ಗಂಟು ಅಲ್ಲೇ ಇರುತ್ತದೆ.

ಕರುಳಿನ ಕೊನೆಯ ಭಾಗಕ್ಕೆ ಮಾತ್ರ ಏಕೆ ಈ ವಿನಾಯಿತಿ ಎಂದು ಕೇಳುವವರಿಗೆ ಒಂದು ಗುಮಾಸ್ತೆಯ ಲೆಕ್ಕ ಹಾಕಿ ತೋರಿಸುತ್ತೇವೆ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ಒಬ್ಬ ವೈದ್ಯರು ಅಡಿನೋಮಗಳಲ್ಲಿ ನೂರಕ್ಕೆ 90, ಅಲ್ಲದವುಗಳಲ್ಲಿ ನೂರಕ್ಕೆ 80 ಸರಿಯಾಗಿ ಹೇಳುತ್ತಾರೆ ಎಂದುಕೊಳ್ಳಿ. ಗುದನಾಳದ ಹತ್ತಿರ 100 ಪಾಲಿಪ್‌ಗಳಲ್ಲಿ 30 ಅಡಿನೋಮ, 70 ಅಲ್ಲ. ಅವರು 30ರಲ್ಲಿ 27 ಹಿಡಿದು 3 ಬಿಡುತ್ತಾರೆ. 70ರಲ್ಲಿ 56ನ್ನು ಸರಿಯಾಗಿ ‘ತೊಂದರೆ ಇಲ್ಲ’ ಎನ್ನುತ್ತಾರೆ. ಒಟ್ಟು 59 ಸಲ ‘ತೊಂದರೆ ಇಲ್ಲ’ ಎಂದರು, ಅದರಲ್ಲಿ 56 ನಿಜ. ಅಂದರೆ ನೂರಕ್ಕೆ 95ರ ಹತ್ತಿರ. ಅದೇ ವೈದ್ಯರು, ಅದೇ ಯಂತ್ರ, ಆದರೆ ಮೇಲಿನ ಕರುಳು, ಅಲ್ಲಿ 100ರಲ್ಲಿ 70 ಅಡಿನೋಮ ಎಂದಿಟ್ಟುಕೊಳ್ಳಿ. ಈಗ 63 ಹಿಡಿದು 7 ಬಿಡುತ್ತಾರೆ. ಉಳಿದ 30ರಲ್ಲಿ 24ಕ್ಕೆ ಸರಿಯಾಗಿ ‘ತೊಂದರೆ ಇಲ್ಲ’. ಒಟ್ಟು 31 ಸಲ ಹಾಗೆಂದರು, 24 ಮಾತ್ರ ನಿಜ. ನೂರಕ್ಕೆ 77. ವೈದ್ಯರ ಜಾಣತನ ಒಂದಿಷ್ಟೂ ಬದಲಾಗಲಿಲ್ಲ, ಜಾಗ ಬದಲಾಯಿತು, ಮಾತಿನ ಬೆಲೆ ಇಳಿಯಿತು. ಆದ್ದರಿಂದ ‘ನೈಸ್ ಟೈಪ್ 1, ಬಿಡಲಾಗಿದೆ’ ಎಂಬ ಸಾಲಿನ ಪಕ್ಕದಲ್ಲಿ ಜಾಗ ಯಾವುದು, ಅಳತೆ ಎಷ್ಟು ಎಂದು ಮೊದಲು ನೋಡಿ. ರೆಕ್ಟಮ್ ಅಥವಾ ಸಿಗ್ಮಾಯ್ಡ್, 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎಂದಿದ್ದರೆ ಅದು ಈ ನಿಯಮದ ಒಳಗೆ ಬರುತ್ತದೆ. ಸೀಕಮ್ ಅಥವಾ ಅಸೆಂಡಿಂಗ್ ಕೊಲನ್, 8 ಮಿಲಿಮೀಟರ್ ಎಂದಿದ್ದು ಬಿಟ್ಟಿದ್ದರೆ, ಏಕೆ ಎಂದು ಕೇಳುವುದು ನಿಮ್ಮ ಹಕ್ಕು. ಮೊದಲೇ ಹೇಳಿದ ಸೆಸೈಲ್ ಸೆರೇಟೆಡ್ ಹೆಚ್ಚಾಗಿ ಇರುವುದು ಕರುಳಿನ ಆ ಬಲಭಾಗದಲ್ಲೇ. ನೈಸ್ ಪದ್ಧತಿಯ ಮೂರು ಮನೆಗಳಲ್ಲಿ ಅದಕ್ಕೆಂದು ಪ್ರತ್ಯೇಕ ಮನೆ ಇಲ್ಲ, ಟೈಪ್ 1ರ ಹಾಗೆಯೇ ಕಾಣಬಹುದು. ಈ ಕೊರತೆ ತುಂಬಲೆಂದೇ ಆಮೇಲೆ ವಾಸ್ಪ್ ಎಂಬ ಇನ್ನೊಂದು ಪದ್ಧತಿ ಬಂದಿತು.

ಇನ್ನೊಂದು ಮಾತು. ಈ ಅಧ್ಯಯನಗಳಲ್ಲಿ ‘ಹೈ ಕಾನ್ಫಿಡೆನ್ಸ್’ ಎಂದು ಬರುತ್ತದೆ. ವೈದ್ಯರು ತಮಗೇ ಖಚಿತ ಎನಿಸಿದಾಗ ಮಾತ್ರ ಈ ಅಳತೆಗಳು ಅನ್ವಯಿಸುತ್ತವೆ. ಸಂಶಯವಿದ್ದರೆ ತೆಗೆದು ಲ್ಯಾಬಿಗೆ ಕಳುಹಿಸಬೇಕು, ಅದೇ ನಿಯಮ.

ಲ್ಯಾಬ್ ವರದಿಯೇ ಬ್ರಹ್ಮವಾಕ್ಯ ಎಂದೂ ತಿಳಿಯಬೇಡಿ. ಎರಡು ಮಿಲಿಮೀಟರಿನ ತುಂಡು ಹೀರುವಾಗ ಕಳೆದುಹೋಗುವುದುಂಟು, ಚೂರಾಗುವುದುಂಟು, ಮೇಣದಲ್ಲಿ ಓರೆಯಾಗಿ ಕೂರುವುದುಂಟು. ಒಂದೇ ಗಾಜನ್ನು ಇಬ್ಬರು ಪ್ಯಾಥಾಲಜಿಸ್ಟರು ಬೇರೆ ಬೇರೆಯಾಗಿ ಓದುವುದೂ ಉಂಟು, ಸೆರೇಟೆಡ್ ಜಾತಿಯಲ್ಲಂತೂ ಹೆಚ್ಚು.

ಕಂಪ್ಯೂಟರ್ ಹೇಳಿದರೆ?

ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಬಂದಿವೆ. ಪಾಲಿಪ್ ಕಂಡ ತಕ್ಷಣ ಪರದೆಯ ಮೇಲೆ ಚೌಕ ಹಾಕಿ ತೋರಿಸುವುದು ಒಂದು, ಜಾತಿ ಹೇಳುವುದು ಇನ್ನೊಂದು. ಜಾಹೀರಾತಿನಲ್ಲಿ ಎರಡನ್ನೂ ಒಂದೇ ಎಂಬಂತೆ ಹೇಳುತ್ತಾರೆ, ಒಂದೇ ಅಲ್ಲ. ಜಾತಿ ಹೇಳುವ ವಿಷಯದಲ್ಲಿ ನಾರ್ವೆ, ಇಂಗ್ಲೆಂಡ್, ಜಪಾನ್ ಸೇರಿ ಮಾಡಿದ ಅಧ್ಯಯನ 2022ರಲ್ಲಿ ಬಂದಿತು. 518 ಜನರ ಕರುಳಿನ ಕೊನೆಯ ಭಾಗದ 892 ಪುಟ್ಟ ಪಾಲಿಪ್‌ಗಳನ್ನು ಮೊದಲು ವೈದ್ಯರು ಬರಿಗಣ್ಣಿನಿಂದ, ಆಮೇಲೆ ಯಂತ್ರದ ನೆರವಿನಿಂದ ನೋಡಿದರು. ಅಪಾಯದ ಜಾತಿಯನ್ನು ಗುರುತಿಸಿದ್ದು ಶೇಕಡಾ 88.4ರಿಂದ 90.4ಕ್ಕೆ ಮಾತ್ರ ಏರಿತು. ಆದರೆ ‘ನನಗೆ ಖಚಿತ’ ಎಂದು ವೈದ್ಯರು ಹೇಳಿದ್ದು ಶೇಕಡಾ 74.2ರಿಂದ 92.6ಕ್ಕೆ ಏರಿತು. ಸರಿ ಹೇಳುವುದು ಎರಡು ಅಂಕ ಏರಿದೆ, ಧೈರ್ಯ ಹದಿನೆಂಟು ಅಂಕ ಏರಿದೆ. ನಮಗೆ ಇದು ಸ್ವಲ್ಪ ಯೋಚಿಸಬೇಕಾದ ವಿಷಯ ಎನಿಸುತ್ತದೆ. ಖಚಿತತೆ ಹೆಚ್ಚಿದರೆ ಲ್ಯಾಬಿಗೆ ಹೋಗುವ ಬಾಟಲಿ ಕಡಿಮೆಯಾಗುತ್ತದೆ, ಅದು ಒಳ್ಳೆಯದೇ. ಯಂತ್ರ ಇದೆ ಎಂಬ ಕಾರಣಕ್ಕೆ ಹೆಚ್ಚು ದುಡ್ಡು ಕೊಡುವ ಮೊದಲು ಮಾತ್ರ ಈ ಎರಡು ಅಂಕ ನೆನಪಿರಲಿ.

ನಮ್ಮ ಜಿಲ್ಲೆಗಳಲ್ಲಿ

ಮೇಲಿನ ಅಂಕಿಗಳೆಲ್ಲ ಹೊರದೇಶದವು. ಅಲ್ಲಿ ಬಹಳ ಕಡೆ ಐವತ್ತರ ಆಸುಪಾಸಿನಲ್ಲಿ ಆರೋಗ್ಯವಂತರನ್ನೇ ಕರೆದು ಪರೀಕ್ಷಿಸುತ್ತಾರೆ. ನಮ್ಮ ದೇಶದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ಸರಕಾರಿ ತಪಾಸಣೆ ಇದೆ; ಕರುಳಿಗೆ ಅಂಥ ರಾಷ್ಟ್ರೀಯ ಕಾರ್ಯಕ್ರಮ ಇಲ್ಲ. ಇಲ್ಲಿ ಕೊಲೊನೋಸ್ಕೋಪಿಗೆ ಹೋಗುವವರು ಬಹುತೇಕ ರಕ್ತ ಬಿದ್ದು, ತೂಕ ಇಳಿದು, ಮಲದ ಅಭ್ಯಾಸ ಬದಲಾಗಿ ಹೋದವರು. ಜೊತೆಗೆ ನಮ್ಮಲ್ಲಿ ಕರುಳಿನ ಕ್ಷಯ, ಅಮೀಬಾ ಹುಣ್ಣು ಇನ್ನೂ ಇವೆ. ಮಕ್ಕಳಲ್ಲಿ ರಕ್ತ ಬೀಳುವುದಕ್ಕೆ ಜುವೆನೈಲ್ ಪಾಲಿಪ್ ಎಂಬ ಬೇರೆಯೇ ಜಾತಿ ಕಾರಣವಾಗುವುದು ಸಾಮಾನ್ಯ. ಇವು ಯಾವುವೂ ನೈಸ್ ಪಟ್ಟಿಯಲ್ಲಿ ಇಲ್ಲ. ಹುಣ್ಣು ಕಂಡರೆ, ಊತ ಕಂಡರೆ ತುಂಡು ತೆಗೆದು ಲ್ಯಾಬಿಗೆ ಕಳುಹಿಸಲೇಬೇಕು. ‘ನೋಡಿ ಹೇಳುವ’ ವಿಧಾನ ಪುಟ್ಟ ಪಾಲಿಪ್‌ಗೆ ಮಾತ್ರ.

ಅನುಕೂಲಕ್ಕೆ ಕೊರತೆ ಇಲ್ಲ. ತಿರುಚ್ಚಿ ರಸ್ತೆಯ ಕೊಯಮತ್ತೂರು ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಪೀಳಮೇಡಿನ ಪಿಎಸ್‌ಜಿ, ಅವಿನಾಶಿ ರಸ್ತೆಯ ಕೆಎಂಸಿಎಚ್, ರಾಮನಾಥಪುರದ ಜೆಮ್ ಎಲ್ಲ ನಮ್ಮವರಿಗೆ ಗೊತ್ತಿರುವವೇ. 2022ರ ಜನವರಿಯಲ್ಲಿ ತಿರುಪ್ಪೂರಿಗೂ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಸಂಘ ಹೇಳುವುದಿಲ್ಲ.

ತಡವಾಗುವುದು ಆಸ್ಪತ್ರೆಗೆ ಹೋದ ಮೇಲಲ್ಲ, ಹೋಗುವುದಕ್ಕೆ ಮೊದಲು. ಬಸ್‌ಸ್ಟ್ಯಾಂಡಿನ ಗೋಡೆಯಿಂದ ಹಿಡಿದು ಕರೆಂಟ್ ಕಂಬದವರೆಗೆ ಮೂಲವ್ಯಾಧಿ ಚಿಕಿತ್ಸೆಯ ಪೋಸ್ಟರುಗಳು. ರಕ್ತ ಬಿದ್ದರೆ ಮೂಲವ್ಯಾಧಿ ಎಂದು ನಾವೇ ತೀರ್ಮಾನ ಮಾಡಿ, ಮನೆಯಲ್ಲೂ ಹೇಳದೆ, ಮುಲಾಮು ಹಚ್ಚಿ ವರ್ಷ ಕಳೆಯುತ್ತೇವೆ. ಹೆಂಗಸರಂತೂ ಸೊಸೆಯ ಹತ್ತಿರ, ಮಗಳ ಹತ್ತಿರ ಕೂಡ ಬಾಯಿ ಬಿಡುವುದಿಲ್ಲ. ಅರವತ್ತರ ಮೇಲೆ ರಕ್ತ ಬಿದ್ದರೆ, ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದರೆ, ಒಮ್ಮೆ ಒಳಗೆ ನೋಡಿಸಿಕೊಳ್ಳಿ.

ನೋಡುವ ವೈದ್ಯರು ಎಷ್ಟೇ ಪರಿಣತರಾದರೂ ಕರುಳು ಸ್ವಚ್ಛವಾಗಿರದಿದ್ದರೆ ಏನೂ ಕಾಣುವುದಿಲ್ಲ. ಇದು ನಮ್ಮ ಕೈಯಲ್ಲಿರುವ ಭಾಗ. ವೈದ್ಯರು ಬೇರೆ ಹೇಳದಿದ್ದರೆ ಎರಡು ಮೂರು ದಿನ ಮೊದಲಿನಿಂದ ರಾಗಿಮುದ್ದೆ, ಸೊಪ್ಪು, ಸೀಬೆಹಣ್ಣು, ಬೀಜವಿರುವ ತರಕಾರಿ ಬೇಡ. ಇಡ್ಲಿ, ಮೊಸರನ್ನ ಸಾಕು. ಹಿಂದಿನ ದಿನ ಕೊಡುವ ಪುಡಿಯ ನೀರನ್ನು ಅರ್ಧ ಕುಡಿದು ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ. ವರದಿಯಲ್ಲಿ ‘ಬಿಬಿಪಿಎಸ್’ ಎಂದು ಒಂದು ಅಂಕ ಇದ್ದರೆ ಅದು ಸ್ವಚ್ಛತೆಗೆ ಕೊಟ್ಟ ಮಾರ್ಕು. ಮೂರು ಭಾಗಕ್ಕೆ ಮೂರು ಮೂರರಂತೆ ಒಟ್ಟು 9. ಯಾವುದಾದರೂ ಭಾಗಕ್ಕೆ 0 ಅಥವಾ 1 ಬಿದ್ದಿದ್ದರೆ ಆ ಭಾಗ ಸರಿಯಾಗಿ ಕಂಡಿಲ್ಲ ಎಂದರ್ಥ, ಅಂಥ ವರದಿಯ ‘ಪಾಲಿಪ್ ಇಲ್ಲ’ ಎಂಬ ಮಾತಿಗೂ ತೂಕ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ಲ್ಯಾಬಿಗೆ ಕಳುಹಿಸಲಿಲ್ಲ ಎಂದು ಕೋಪಿಸಿಕೊಳ್ಳುವವರಿಗೆ ಇನ್ನೊಂದು ಲೆಕ್ಕ. ಅಮೆರಿಕದ 2020ರ ನಿಯಮದಂತೆ ಒಂದು ಸೆಂಟಿಮೀಟರಿಗಿಂತ ಚಿಕ್ಕ ಅಡಿನೋಮ ಒಂದೋ ಎರಡೋ ಇದ್ದರೆ ಮುಂದಿನ ಕೊಲೊನೋಸ್ಕೋಪಿ 7ರಿಂದ 10 ವರ್ಷಕ್ಕೆ. ಮೂರು ನಾಲ್ಕಿದ್ದರೆ 3ರಿಂದ 5 ವರ್ಷಕ್ಕೆ. ಏನೂ ಇಲ್ಲದಿದ್ದರೆ 10 ವರ್ಷಕ್ಕೆ. ಅಂದರೆ ತೆಗೆದ ಒಂದು ಪುಟ್ಟ ಪಾಲಿಪ್‌ನ ಜಾತಿ ತಪ್ಪಾಗಿ ಹೇಳಿದರೂ ಹೆಚ್ಚಾಗಿ ಬದಲಾಗುವುದು ಕ್ಯಾಲೆಂಡರಿನ ತಾರೀಕು ಮಾತ್ರ. ಆದರೆ ಇದಕ್ಕೊಂದು ಷರತ್ತಿದೆ. ಲ್ಯಾಬಿಗೆ ಕಳುಹಿಸದಿದ್ದರೆ ಪಾಲಿಪ್‌ನ ಸ್ಪಷ್ಟ ಫೋಟೋ, ಅಳತೆ, ಜಾಗ, ನೈಸ್ ಟೈಪ್ ಎಲ್ಲ ದಾಖಲೆಯಲ್ಲಿ ಇರಬೇಕು. ಫೋಟೋ ಇಲ್ಲ, ಬಾಟಲಿಯೂ ಇಲ್ಲ ಎಂದರೆ ಅದನ್ನು ನಿರ್ಣಯ ಎನ್ನಲಾಗದು. ಮನೆಯಲ್ಲಿ ತಂದೆ ತಾಯಿಗೆ, ಅಣ್ಣ ತಮ್ಮಂದಿರಿಗೆ ಕರುಳಿನ ಕ್ಯಾನ್ಸರ್ ಆಗಿದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಿ, ತೆಗೆದದ್ದನ್ನು ಲ್ಯಾಬಿಗೆ ಕಳುಹಿಸಿ ಎಂದು ಕೇಳಿಕೊಳ್ಳಬಹುದು. ಪರೀಕ್ಷೆಗೆ ಮೊದಲು ಕೇಳಬೇಕು. ಮತ್ತಿನ ಇಂಜೆಕ್ಷನ್ ಕೊಟ್ಟ ಮೇಲೆ ಕೇಳಲಾಗದು.

ವರದಿ, ಬಣ್ಣದ ಫೋಟೋ, ಪ್ಯಾಥಾಲಜಿ ಕಾಗದ ಮೂರನ್ನೂ ಒಂದೇ ಫೈಲಿನಲ್ಲಿ ಇಡಿ. ಒಂದು ಜೆರಾಕ್ಸ್ ಮಕ್ಕಳ ಮನೆಯಲ್ಲಿರಲಿ. ಏಳು ವರ್ಷದ ನಂತರ ಬೇರೆ ವೈದ್ಯರು ಕೇಳುವುದು ಅದನ್ನೇ. ಪ್ಯಾಥಾಲಜಿ ವರದಿ ಬಂದ ದಿನ ಆಸ್ಪತ್ರೆಗೆ ಹೋಗಿ ತೆಗೆದುಕೊಳ್ಳಿ. ಫೋನ್ ಬರಲಿಲ್ಲ ಎಂದರೆ ಎಲ್ಲ ಸರಿ ಇದೆ ಎಂದು ತಿಳಿಯಬೇಡಿ. ಇಂಗ್ಲಿಷ್ ವರದಿಯಲ್ಲಿ ಯಾವ ಪದ ಏನು ಎಂದು ಕನ್ನಡದಲ್ಲಿ ಓದಿ ಹೇಳಲು ಸಂಘದ ಕಚೇರಿಯಲ್ಲಿ ನಾವು ಇರುತ್ತೇವೆ. ಬರುವಾಗ ಮೂಲ ಕಾಗದ ಬೇಡ, ಜೆರಾಕ್ಸ್ ತನ್ನಿ.